ಹನ್ನೊಂದು ದಿನದ ಹಿರಿತನ

ನನ್ನ ಗೆಳೆಯನಿಗಿಂತ ನಾನು ಹನ್ನೊಂದು ದಿನಕ್ಕೆ ದೊಡ್ಡವನು. ಅರವತ್ತು ದಾಟಿದ ಇಬ್ಬರ ನಡುವೆ ಹನ್ನೊಂದು ದಿನ ಯಾವ ಮಹಾ ಎಂದು ಕೇಳಬಹುದು. ವರ್ಷದ ಉಳಿದ ದಿನಗಳಲ್ಲಿ ಏನೂ ಅಲ್ಲ. ಆದರೆ ಬನ್ನಿ ಹಬ್ಬದ ದಿನ ನಮ್ಮ ಕಡೆ ಅದಕ್ಕೆ ಬೆಲೆ ಇದೆ. ವಿಜಯದಶಮಿಯ ಸಂಜೆ ಬನ್ನಿ ಗಿಡಕ್ಕೆ ಪೂಜೆ ಮಾಡಿ, ಎಲೆ ತಂದು, ಮೊದಲು ದೇವರ ಮುಂದಿಟ್ಟು, ಆಮೇಲೆ ಒಬ್ಬರ ಕೈಗೊಬ್ಬರು ಕೊಟ್ಟು "ಬನ್ನಿ ತಗೊಂಡು ಬಂಗಾರದಂಗಿರಾಣ" ಎನ್ನುತ್ತೇವೆ. ಆ ಒಂದು ದಿನ ಆ ಸಣ್ಣ ಎಲೆಗೆ ಬಂಗಾರವೆಂದೇ ಹೆಸರು. ಅದನ್ನು ಕೊಡುವುದರಲ್ಲೂ ಒಂದು ಕಟ್ಟಳೆ ಇದೆ. ಕಿರಿಯರು ಎಲೆ ಹಿಡಿದು ಹಿರಿಯರ ಮನೆಗೆ ಹೋಗಬೇಕು. ಹಿರಿಯರು ಮನೆಯಲ್ಲಿ ಕೂತು ಕಾಯಬೇಕು. ವರ್ಷವೆಲ್ಲ ಮಾತು ಬಿಟ್ಟವರು ಬಂದರೂ ಆ ದಿನ ಬಾಗಿಲು ಹಾಕುವಂತಿಲ್ಲ.

ನಾವಿಬ್ಬರೂ ದಾವಣಗೆರೆಯ ಆನೆಕೊಂಡದ ಒಂದೇ ಓಣಿಯವರು. ನನಗೆ ಎಂಟು ವರ್ಷ ಇದ್ದಾಗ ಒಂದು ಬನ್ನಿ ಹಬ್ಬದ ದಿನ ಅವನು ಎಲೆ ಹಿಡಿದು ನಮ್ಮ ಮನೆಗೆ ಬಂದ. ನಾನು ಅಪ್ಪನ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತು, "ಕಾಲಿಗೆ ಬೀಳು, ನಾನು ದೊಡ್ಡವನು" ಎಂದೆ.

"ಹನ್ನೊಂದು ದಿನಕ್ಕೆಲ್ಲ ಯಾವನ್ಲೇ ಕಾಲಿಗೆ ಬೀಳ್ತಾನೆ?" ಎಂದು ಅವನು ಜಗಳಕ್ಕೇ ನಿಂತ. ಒಳಗಿದ್ದ ಅಮ್ಮ ಹೊರಗೆ ಬಂದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, "ದೊಡ್ಡೋನು ದೊಡ್ಡೋನೇ ಕಣಪ್ಪ, ಒಂದಿನ ಆದ್ರೂ ದೊಡ್ಡೋನೇ" ಎಂದು ತೀರ್ಪು ಕೊಟ್ಟಳು. ಅವನು ಮುಖ ಗಂಟು ಹಾಕಿಕೊಂಡು ಬಾಗಿದ. ಏಳುವಾಗ ನನ್ನ ಹೆಬ್ಬೆರಳನ್ನು ಬಲವಾಗಿ ಚಿವುಟಿದ. ಅಂದಿನಿಂದ ಪ್ರತಿ ವರ್ಷ ಅವನ ಮೊದಲ ಬನ್ನಿ ನಮ್ಮ ಮನೆಗೆ, ಪ್ರತಿ ವರ್ಷ ಬಾಗುವುದು, ಪ್ರತಿ ವರ್ಷ ಚಿವುಟುವುದು. ಇಬ್ಬರಿಗೂ ಮದುವೆಯಾಗಿ ಮಕ್ಕಳಾದ ಮೇಲೂ ಇದು ತಪ್ಪಲಿಲ್ಲ.

ಇಬ್ಬರೂ ಲೇತ್ ಮಶೀನಿನ ಮೇಲೆ ಕಬ್ಬಿಣ ಕಡೆಯುವ ಟರ್ನರ್ ಕೆಲಸ ಕಲಿತೆವು. ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಒಟ್ಟಿಗೇ ಕೆಲಸಕ್ಕೆ ಸೇರಿದೆವು. ಬೆಳಗಿನ ಮೊದಲ ಬಸ್ಸಿನಲ್ಲಿ ದಾವಣಗೆರೆಯಿಂದ ಹೋಗುವುದು, ಸಂಜೆ ಕೈಯಿಂದ ಗ್ರೀಸಿನ ವಾಸನೆ ಹೋಗುವ ಮೊದಲೇ ವಾಪಸು ಬರುವುದು, ಬರುವಾಗ ದಾರಿಯಲ್ಲಿ ಮಂಡಕ್ಕಿ ಅಂಗಡಿಗೆ ನುಗ್ಗುವುದು. ಬಿಸಿ ಮೆಣಸಿನಕಾಯಿ ಬಜ್ಜಿ, ಒಗ್ಗರಣೆ ಹಾಕಿದ ಮಂಡಕ್ಕಿ, ಮೇಲೆ ಹಸಿ ಈರುಳ್ಳಿ. ಅಂಗಡಿಯ ಚಾಚಾ ನಮಗಿಂತ ಹತ್ತು ವರ್ಷ ದೊಡ್ಡವರು. ನಮ್ಮಿಬ್ಬರನ್ನು ಬೇರೆಬೇರೆಯಾಗಿ ನೋಡಿದರೆ "ಇನ್ನೊಬ್ರೆಲ್ಲಿ?" ಎಂದೇ ಮಾತು ಶುರು ಮಾಡುತ್ತಿದ್ದರು.

ಕೆಲಸದಲ್ಲಿ ಅವನು ನನಗಿಂತ ಮೇಲು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು. ಲೇತ್ ಮೇಲೆ ಕಬ್ಬಿಣ ತಿರುಗುವಾಗ ನಾನು ಅಳತೆ ನೋಡಿ ನೋಡಿ ಹೆದರುತ್ತ ಕತ್ತರಿಸುತ್ತಿದ್ದೆ. ಅವನು ಒಂದೇ ಉಸಿರಿಗೆ ಮುಗಿಸಿ, ಮಶೀನು ನಿಲ್ಲಿಸಿ, ಕಣ್ಣು ಮುಚ್ಚಿ ಆ ಕಬ್ಬಿಣದ ಶಾಫ್ಟಿನ ಮೇಲೆ ಬೆರಳ ತುದಿ ಓಡಿಸುತ್ತಿದ್ದ. ಎಲ್ಲೋ ಒಂದು ಕಡೆ ಬೆರಳು ನಿಂತರೆ ಅಲ್ಲಿ ತಪ್ಪಿದೆ ಎಂದರ್ಥ. ಅಳತೆಯ ಸಾಮಾನು ಹಿಡಿದು ನೋಡಿದರೆ ತಪ್ಪು ಅಲ್ಲೇ ಇರುತ್ತಿತ್ತು.

ಮೂವತ್ತರ ಆಸುಪಾಸಿನಲ್ಲಿ ಅವನು ಕರೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡು ಹಿಡಿದು ಹಳೆಯ ಲೇತ್ ತಂದು ಹಾಕುವ ಆಲೋಚನೆ ಮಾಡಿದ. ಮಂಡಕ್ಕಿ ತಿನ್ನುತ್ತ, ಬಾಯಲ್ಲಿ ಬಜ್ಜಿ ಇಟ್ಟುಕೊಂಡೇ ಕೇಳಿದ: "ನೀನೂ ಬಾರ್ಲೇ. ಇಬ್ರೂ ಸೇರಿ ಮಾಡಾಣ. ನೀನಿದ್ರೆ ನಂಗೆ ಧೈರ್ಯ."

ಅಪ್ಪನಿಗೆ ಹುಷಾರಿಲ್ಲ, ತಂಗಿಯ ಮದುವೆ ಇದೆ, ಸಂಬಳದ ಕೆಲಸ ಬಿಡಲಾಗುವುದಿಲ್ಲ ಎಂದೆ. ಎಲ್ಲವೂ ನಿಜವೇ. ಆದರೆ ನಿಜವಾದ ಕಾರಣ ಅವು ಯಾವುದೂ ಅಲ್ಲ. ನನಗೆ ಹೆದರಿಕೆಯಿತ್ತು, ಅಷ್ಟೇ. ಅವನಿಗೂ ಅದು ಗೊತ್ತಾಯಿತು ಎಂದು ಕಾಣುತ್ತದೆ. ಮತ್ತೆ ಕೇಳಲಿಲ್ಲ. ಆಮೇಲೆ ನನಗೆ ತರಬೇತಿ ಸಂಸ್ಥೆಯೊಂದರಲ್ಲಿ ಕೆಲಸ ಕಲಿಸುವ ನೌಕರಿ ಸಿಕ್ಕಿತು. ಜನ ನನ್ನನ್ನು ಮೇಷ್ಟ್ರು ಎಂದು ಕರೆಯತೊಡಗಿದರು. ನಿವೃತ್ತಿಯಾಗುವತನಕ ಹುಡುಗರಿಗೆ ಹೆದರಬೇಡಿ, ಧೈರ್ಯವಾಗಿ ಕತ್ತರಿಸಿ ಎಂದು ಪಾಠ ಹೇಳಿದೆ.

ಅವನು ಬೆಳೆದ. ಒಂದು ಲೇತ್ ಇದ್ದಲ್ಲಿ ನಾಲ್ಕಾದವು, ಶೆಡ್ಡು ಕಾರ್ಖಾನೆಯಾಯಿತು, ಎಸ್.ಎಸ್. ಬಡಾವಣೆಯಲ್ಲಿ ಎರಡಂತಸ್ತಿನ ಮನೆ ಎದ್ದಿತು. ಕೊನೆಗೆ ಬಿಳಿ ಬಣ್ಣದ, ಮಾರುದ್ದದ ಕಾರೂ ಬಂತು.

ಗೆಳೆಯ ಸಾಹುಕಾರನಾದರೆ ಬಡ ಗೆಳೆಯನಿಗೆ ಒಂದು ಹೊಸ ಕೆಲಸ ಹತ್ತಿಕೊಳ್ಳುತ್ತದೆ. ಅವನಲ್ಲಿ ಏನು ಬದಲಾಯಿತು ಎಂದು ಹುಡುಕುವ ಕೆಲಸ. ಅದಕ್ಕೆ ಸಂಬಳವಿಲ್ಲ, ರಜೆಯೂ ಇಲ್ಲ. ಫೋನು ಎತ್ತಲು ಎಷ್ಟು ಹೊತ್ತು ಮಾಡಿದ, ಮದುವೆ ಮನೆಯಲ್ಲಿ ಯಾರ ಪಕ್ಕ ಕೂತ, ನನ್ನ ಹೆಂಡತಿಗೆ ಮೊದಲು ನಮಸ್ಕಾರ ಮಾಡಿದನೋ ಇಲ್ಲವೋ, ಎಲ್ಲವನ್ನೂ ನಾನು ಪೊಲೀಸಿನವನಂತೆ ಗಮನಿಸುತ್ತಿದ್ದೆ. ಏನೂ ಸಿಗುತ್ತಿರಲಿಲ್ಲ. ಅವನಲ್ಲಿ ದೋಷಗಳು ಇರಲಿಲ್ಲ ಎಂದಲ್ಲ. ಹೇಳಿದ ಹೊತ್ತಿಗೆ ಒಮ್ಮೆಯೂ ಬಂದವನಲ್ಲ. ಹೊಸ ಮಶೀನಿನ ಬಗ್ಗೆ ಶುರು ಮಾಡಿದರೆ ಎದುರಿಗಿದ್ದವರಿಗೆ ನಿದ್ದೆ ಬಂದರೂ ಬಿಡುತ್ತಿರಲಿಲ್ಲ. ಕಷ್ಟ ಬಂದರೆ ಯಾರಿಗೂ ಹೇಳದೆ ಒಳಗೇ ಇಟ್ಟುಕೊಳ್ಳುವ ಸ್ವಭಾವ. ಇವೆಲ್ಲ ಅವನಿಗೆ ದುಡ್ಡಿಲ್ಲದಾಗಲೂ ಇದ್ದವು. ದುಡ್ಡು ಬಂದ ಮೇಲೂ ಅವನು ಪೇಪರಿನ ಮೇಲೆಯೇ ಮಂಡಕ್ಕಿ ತಿನ್ನುತ್ತಿದ್ದ, ಉಳಿದ ಈರುಳ್ಳಿಯನ್ನು ನನ್ನ ಪಾಲಿನಿಂದಲೂ ಕದಿಯುತ್ತಿದ್ದ.

ಬನ್ನಿ ಹಬ್ಬದ ಹಿಂದಿನ ದಿನ ಆಯುಧ ಪೂಜೆ. ಅವನ ಕಾರ್ಖಾನೆಯಲ್ಲಿ ಮಶೀನುಗಳಿಗೆಲ್ಲ ವಿಭೂತಿ ಬಳಿದು, ಚೆಂಡು ಹೂವಿನ ಮಾಲೆ ಹಾಕಿ, ಮಂಡಕ್ಕಿ ಬತ್ತಾಸು ಹಂಚುತ್ತಿದ್ದರು. ಬೂದುಗುಂಬಳಕಾಯಿ ಒಡೆಯುವುದು ಮಾತ್ರ ಪ್ರತಿ ವರ್ಷ ನಾನೇ. ದೊಡ್ಡ ದೊಡ್ಡ ಗಿರಾಕಿಗಳು ಬಂದಿರಲಿ, ಯಾರೇ ಬಂದಿರಲಿ, "ಇವರು ನನಗಿಂತ ಹಿರಿಯರು, ಇವರೇ ಒಡೀಬೇಕು" ಎಂದು ಎಲ್ಲರ ಮುಂದೆ ಗಂಭೀರವಾಗಿ ಹೇಳಿ, ನನ್ನ ಕಡೆ ತಿರುಗಿ ಒಂದು ಕಣ್ಣು ಹೊಡೆಯುತ್ತಿದ್ದ.

ಮಾರನೆಯ ಸಂಜೆ ಅವನ ಕಾರು ನಮ್ಮ ಓಣಿಗೆ ಬರುತ್ತಿತ್ತು. ನಮ್ಮದು ಸಣ್ಣ ಓಣಿ. ಆ ಕಾರು ಒಳಗೆ ಬರಬೇಕಾದರೆ ನಾಲ್ಕು ಮನೆಯವರು ತಮ್ಮ ಸ್ಕೂಟರು, ಬೈಕು ಸರಿಸಬೇಕು. ಸರಿಸುತ್ತ "ಮೇಷ್ಟ್ರ ಮನಿಗೆ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅವನು ಇಳಿದು ಬಂದು, ಬಗ್ಗಿ, ಎಲೆ ಕೊಟ್ಟು, ಚಿವುಟಿ, ಒಂದು ಹೋಳಿಗೆ ತಿಂದು ಹೊರಟರೆ ನಾನು ಬೀದಿತನಕ ಹೋಗಿ, ಕಾರಿನ ಬಾಗಿಲು ನಾನೇ ಹಾಕಿ, ಅದು ಹಿಂದೆ ಹಿಂದೆ ಸರಿದು ಮುಖ್ಯ ರಸ್ತೆ ಸೇರುವತನಕ ಕೈ ಬೀಸುತ್ತ ನಿಲ್ಲುತ್ತಿದ್ದೆ. ಎಂಥ ಪ್ರೀತಿ ಇವರದು ಎಂದು ಓಣಿಯ ಹೆಂಗಸರು ಅನ್ನುತ್ತಿದ್ದರಂತೆ. ನಾನೂ ಹಾಗೆಯೇ ತಿಳಿದಿದ್ದೆ.

ಇನ್ನು ಮುಂದಿನದನ್ನು ಬರೆಯಲು ನನಗೆ ಮನಸ್ಸಿಲ್ಲ. ಆದರೆ ಬರೆಯಲು ಕೂತದ್ದೇ ಅದಕ್ಕಾಗಿ.

ಕೆಲವು ವರ್ಷಗಳ ಹಿಂದೆ ಒಂದು ದಸರೆ. ಆ ಸಲ ಆಯುಧ ಪೂಜೆಗೆ ಕರೆ ಬರಲಿಲ್ಲ. ಬೆಳಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದೆ. ಮಧ್ಯಾಹ್ನವಾಯಿತು, ಫೋನಿಲ್ಲ. "ನೀವೇ ಒಂದು ಫೋನ್ ಮಾಡ್ರಿ, ಮರ್ತಿರಬೇಕು" ಎಂದು ಹೆಂಡತಿ ಹೇಳಿದಳು. ಕರೆಯದ ಊಟಕ್ಕೆ ಹೋಗುವವನು ನಾನಲ್ಲ ಎಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದೆ. ಬೇರೆ ಯಾರಿಂದಲೋ ಕುಂಬಳಕಾಯಿ ಒಡೆಸಿರಬೇಕು ಎಂಬ ಯೋಚನೆ ಇಡೀ ದಿನ ಕೊರೆಯಿತು.

ಮಾರನೆಯ ದಿನ ಸಂಜೆ ನಮ್ಮ ಮನೆ ತುಂಬ ಜನ. ಹೆಂಡತಿಯ ತಮ್ಮ ಮೊದಲ ಸಲ ಹಬ್ಬಕ್ಕೆಂದು ಬಂದಿದ್ದ. ಸ್ವಲ್ಪ ಮೇಲಿನಿಂದ ಮಾತಾಡುವ ಆಸಾಮಿ. ಅವನಿಗೆ ಎರಡು ದಿನದಿಂದ ನನ್ನ ಗೆಳೆಯನ ವಿಷಯ ಹೇಳಿದ್ದೆ. ಇಂಥ ಕಾರ್ಖಾನೆ, ಇಂಥ ಮನೆ, ಇಂಥ ಕಾರು, ಆದರೂ ಬನ್ನಿ ದಿನ ನನ್ನ ಕಾಲಿಗೆ ಬೀಳದೆ ಬೇರೆ ಮನೆಗೆ ಹೋಗುವುದಿಲ್ಲ. "ಈಗ ಬರ್ತಾನೆ ನೋಡು" ಎಂದು ಅವನನ್ನು ಜಗಲಿಯ ಮೇಲೆ ಕೂರಿಸಿದ್ದೆ. ನನ್ನ ಕಿವಿಯೆಲ್ಲ ಹಾರನ್ನಿನ ಕಡೆಗೇ ಇತ್ತು.

ಗೆಳೆಯ ನಡೆದುಕೊಂಡು ಬಂದ.

ಚಪ್ಪಲಿ, ಪ್ಯಾಂಟಿನ ಅಂಚಿಗೆ ಧೂಳು, ಕೈಯಲ್ಲಿ ಎಲೆ. ಓಣಿಯಲ್ಲಿ ಯಾರೂ ಸ್ಕೂಟರು ಸರಿಸಲಿಲ್ಲ. ಭಾವಮೈದ ನನ್ನ ಮುಖ ನೋಡಿದ. ನನ್ನ ಬಾಯಿಂದ ಮೊದಲು ಬಂದ ಮಾತು, "ಕಾರೆಲ್ಲಲೇ?"

"ಸರ್ವೀಸಿಗೆ ಬಿಟ್ಟೀನಿ," ಎಂದ.

"ಹಬ್ಬದ ದಿನ ಯಾರು ಸರ್ವೀಸ್ ಮಾಡ್ತಾರೋ ಮಾರಾಯ? ನಡ್ಕೊಂಡು ಬರೋ ಬದ್ಲು ಆಟೋಕ್ಕಾದ್ರೂ ಬರಬಾರದಾ, ಭಿಕ್ಷುಕರಂಗೆ" ಎಂದೆ. ತಮಾಷೆ ಎಂದೇ ಎಲ್ಲರೂ ನಕ್ಕರು. ಅವನೂ ನಕ್ಕ. ಬಗ್ಗಿ ಎಲೆ ಕೊಟ್ಟ. ಚಿವುಟಲಿಲ್ಲ. ಅದು ನನಗೆ ನೆನಪಾದದ್ದು ಎಷ್ಟೋ ತಿಂಗಳ ಮೇಲೆ.

ಹೋಳಿಗೆ ಮುರಿದು ಒಂದು ತುತ್ತು ಬಾಯಿಗೆ ಹಾಕಿಕೊಂಡು, ತಟ್ಟೆ ಅಲ್ಲೇ ಇಟ್ಟು, "ಬಾರ್ಲೇ, ಮಂಡಕ್ಕಿ ತಿಂದು ಬರಾಣ. ಒಂದ್ ಮಾತೈತೆ" ಎಂದ.

"ಇವತ್ತು ಬ್ಯಾಡ. ಮನಿ ತುಂಬ ಜನ ಅದಾರೆ, ಕಾಣ್ಸಲ್ವಾ? ನಾಳೆ ಹೇಳು."

"ನಾಳೆ," ಎಂದ ಅವನು. ಭಾವಮೈದನಿಗೂ ಕೈ ಮುಗಿದು ಹೊರಟ. ಕಾರಿದ್ದ ವರ್ಷಗಳಲ್ಲಿ ಬೀದಿತನಕ ಹೋಗುತ್ತಿದ್ದ ನಾನು ಆ ದಿನ ಜಗಲಿ ಇಳಿಯಲಿಲ್ಲ. ಕೂತಲ್ಲಿಂದಲೇ ಕೈ ಎತ್ತಿದೆ.

ನಾಳೆ ಅವನು ಬರಲಿಲ್ಲ. ನಾನೂ ಹೋಗಲಿಲ್ಲ. ಆ ವರ್ಷದಲ್ಲಿ ನಾಲ್ಕೈದು ಸಲ ಫೋನು ಮಾಡಿದ್ದ. "ಆರಾಮದೀಯಾ?" "ಹ್ಞೂಂ, ನೀನು?" "ನಡೀತೈತೆ." ಅಷ್ಟಕ್ಕೇ ಮುಗಿಯುತ್ತಿತ್ತು. ನಾನಾಗಿ ಒಂದು ಸಲವೂ ಮಾಡಲಿಲ್ಲ. ದೊಡ್ಡವರಿಗೆ ಪುರುಸೊತ್ತಿಲ್ಲ, ನಾವೇಕೆ ತೊಂದರೆ ಕೊಡಬೇಕು ಎಂದು ಮನಸ್ಸಿನಲ್ಲೇ ಚುಚ್ಚುಮಾತು ಹೊಸೆಯುತ್ತಿದ್ದೆ. ಒಮ್ಮೆ ಹೆಂಡತಿ ಸಂತೆಯಿಂದ ಬಂದವಳು, "ಅವ್ರದ್ಯಾಕೋ ಸರಿ ಇಲ್ವಂತ್ರಿ. ಕಾರ್ಖಾನೆ ಮಾರಿದ್ರು ಅಂತ ಅಂತಿದ್ರು ಯಾರೋ" ಎಂದಳು. ಬೆಳೆದವರನ್ನು ಕಂಡರೆ ಜನಕ್ಕೆ ಹೊಟ್ಟೆಕಿಚ್ಚು, ಸಂತೆಯ ಮಾತು ಮನೆಗೆ ತರಬೇಡ ಎಂದು ಗದರಿದೆ. ಗೆಳೆಯನ ಮಾನ ಕಾಪಾಡಿದೆ ಎಂದು ನನಗೆ ಹೆಮ್ಮೆಯೂ ಆಯಿತು. ಈಗ ಯೋಚಿಸಿದರೆ ಕಾಪಾಡಿದ್ದು ಅವನ ಮಾನವನ್ನಲ್ಲ. ಅವನು ಸಾಹುಕಾರನಾಗಿಯೇ ಇರಬೇಕಿತ್ತು ನನಗೆ. ಸಾಹುಕಾರ ಬಂದು ಕಾಲಿಗೆ ಬೀಳುವ ಮನೆಯ ಯಜಮಾನ ನಾನಾಗಿದ್ದೆ. ಅದನ್ನು ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ.

ಮುಂದಿನ ದಸರೆಗೂ ಆಯುಧ ಪೂಜೆಯ ಕರೆ ಬರಲಿಲ್ಲ. ಬನ್ನಿ ದಿನ ನಾಲ್ಕು ಗಂಟೆಯಿಂದ ಜಗಲಿಯಲ್ಲಿ ಕೂತೆ. ಓಣಿಯ ಮಕ್ಕಳು ಬಂದರು, ಹಳೆಯ ಶಿಷ್ಯರು ಬಂದರು, ಮಾತು ಬಿಟ್ಟಿದ್ದ ಹಿಂದಿನ ಮನೆಯವನೂ ಬಂದು ಎಲೆ ಕೊಟ್ಟು ಹೋದ. ದೀಪ ಹಚ್ಚುವ ಹೊತ್ತಾಯಿತು. ನನ್ನ ಮುಂದಿನ ತಟ್ಟೆಯಲ್ಲಿ ಎಲೆ ರಾಶಿಯಾಗಿತ್ತು. ಅವನದು ಮಾತ್ರ ಇರಲಿಲ್ಲ.

"ನೀವೇ ಹೋಗಿ ಬರ್ರಿ," ಎಂದಳು ಹೆಂಡತಿ.

"ಹಿರಿಯರು ಹೋಗೋ ಪದ್ಧತಿ ಎಲ್ಲೈತೆ?" ಎಂದು ಕೂಗಾಡಿದೆ. ಹನ್ನೊಂದು ದಿನದ ಹಿರಿತನವನ್ನು ನಾನು ಅಷ್ಟು ಗಟ್ಟಿಯಾಗಿ ಯಾವತ್ತೂ ಹಿಡಿದಿರಲಿಲ್ಲ.

ಅವತ್ತಿನಿಂದ ನನ್ನ ಬಾಯಿಗೆ ಬೀಗ ಇಲ್ಲದಾಯಿತು. ಕಟಿಂಗ್ ಅಂಗಡಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಯಾರು ಸಿಕ್ಕರೂ ಅದೇ ಮಾತು. ಐವತ್ತು ವರ್ಷದ ಗೆಳೆತನ, ನೋಡಿ, ದುಡ್ಡು ಎಂಥವರನ್ನೂ ಕೆಡಿಸುತ್ತದೆ, ಅವರೀಗ ದೊಡ್ಡ ಮನುಷ್ಯರು, ನಮ್ಮಂಥವರ ಓಣಿಗೆ ಬಂದರೆ ಅವರ ಕಾರಿಗೆ ಗೀರು ಬೀಳುತ್ತದೆ. ಕೇಳಿದವರು ನನ್ನ ಮುಖ ನೋಡಿ ಏನೂ ಹೇಳದೆ ಸುಮ್ಮನಾಗುತ್ತಿದ್ದರು. ನನ್ನ ನೋವು ಅವರಿಗೂ ತಟ್ಟಿತು ಎಂದುಕೊಳ್ಳುತ್ತಿದ್ದೆ.

ಸುಮಾರು ಒಂದು ತಿಂಗಳ ಮೇಲೆ ಮಂಡಕ್ಕಿ ಅಂಗಡಿಗೆ ಹೋದೆ. ಬಹಳ ದಿನವಾಗಿತ್ತು. ಚಾಚಾ ನನ್ನನ್ನು ನೋಡಿ "ಇನ್ನೊಬ್ರೆಲ್ಲಿ?" ಎಂದು ಕೇಳಲಿಲ್ಲ. ಅದೂ ನನ್ನ ಕೋಪಕ್ಕೆ ತುಪ್ಪ ಸುರಿಯಿತು. ಕೇಳದಿದ್ದರೂ ಶುರು ಮಾಡಿದೆ. ಅವರು ಬಾಣಲೆಯಿಂದ ಬಜ್ಜಿ ತೆಗೆಯುತ್ತಿದ್ದವರು ಜಾಲರಿ ಸೌಟು ಕೆಳಗಿಟ್ಟರು.

"ಮೇಷ್ಟ್ರೇ, ನೀವು ಬೇಕಂತ ಅಂತೀರೋ, ನಿಮಗೆ ಖರೇನೇ ಗೊತ್ತಿಲ್ವೋ?"

"ಏನು ಗೊತ್ತಿಲ್ಲ?"

"ಕರೂರಿನ ಕಾರ್ಖಾನೆ ಹೋಗಿ ವರ್ಷದ ಮೇಲಾತು. ಎಸ್.ಎಸ್. ಬಡಾವಣೆ ಮನೇನೂ ಹೋತು. ದೊಡ್ಡ ಗಿರಾಕಿ ಒಬ್ರು ಬಾಕಿ ಕೊಡ್ದೆ ಕೈ ಎತ್ತಿದ್ರಂತೆ. ಕೆಲಸದೋರನ್ನ ಯಾರನ್ನೂ ಬರಿಗೈಲಿ ಕಳಿಸ್ಲಿಲ್ಲ ಅವ್ರು, ಮನೆ ಮಾರಿ ಕೊಟ್ರು. ಈಗ ಹರಿಹರದಾಗ ಬಾಡಿಗೆ ಮನೆ. ಬೇರೆಯೋರ ವರ್ಕ್‌ಶಾಪಿನಾಗ ಲೇತ್ ಮೇಲೆ ಕೂಲಿ ಕೆಲ್ಸ."

ಚಾಚಾ ಬಾಣಲೆಯ ಉರಿ ಸಣ್ಣ ಮಾಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಮಂದಿ ಏನಂತಾರೆ ಗೊತ್ತೇನ್ರಿ? ದೌಲತ್ತು ಹೋತು, ಮೇಷ್ಟ್ರು ಕೈ ಬಿಟ್ರು ಅಂತಾರೆ. ಮ್ಯಾಲೆ ಬೈಕೊಂಡೂ ತಿರುಗ್ತಾರೆ ಅಂತಾರೆ" ಎಂದರು.

ಪೇಪರಿನ ಮೇಲಿನ ಮಂಡಕ್ಕಿ ಹಾಗೇ ಬಿಟ್ಟು ಎದ್ದೆ. ಮನೆಗೆ ಬರುವ ದಾರಿಯಲ್ಲಿ, ನಾನು ಬೈದಾಗ ಸುಮ್ಮನಿದ್ದವರ ಮುಖಗಳು ಒಂದೊಂದಾಗಿ ನೆನಪಾದವು. ಅವರು ಮರುಗಿರಲಿಲ್ಲ. ಹೇಸಿದ್ದರು. ನಡೆದುಕೊಂಡು ಬಂದಿದ್ದ ಅವನ ಪ್ಯಾಂಟಿನ ಅಂಚಿನ ಧೂಳು ಕಣ್ಣಿಗೆ ಕಟ್ಟಿತು. ಭಿಕ್ಷುಕರಂಗೆ ಎಂದಿದ್ದೆ.

ಮಾರನೆಯ ಬೆಳಗ್ಗೆ ದೇವರ ಗೂಡಿನಲ್ಲಿದ್ದ ಬನ್ನಿ ಎಲೆ ತೆಗೆದು, ಪೇಪರಿನಲ್ಲಿ ಕಟ್ಟಿಕೊಂಡು, ಚಾಚಾ ಹೇಳಿದ ಗುರುತು ಹಿಡಿದು ಹರಿಹರದ ಬಸ್ಸು ಹತ್ತಿದೆ. ಎಲೆ ಒಣಗಿ ಮುಟ್ಟಿದರೆ ಉದುರುವಂತಾಗಿತ್ತು. ಅದೇ ರಸ್ತೆ, ಇಬ್ಬರೂ ಎಷ್ಟೋ ವರ್ಷ ಓಡಾಡಿದ್ದು. ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಬಸ್ಸಿಳಿಯುವಷ್ಟರಲ್ಲಿ ಎಲ್ಲ ಮರೆತುಹೋಯಿತು.

ತಗಡಿನ ಮಾಡಿನ ಸಣ್ಣ ವರ್ಕ್‌ಶಾಪು. ಬಾಗಿಲಿಗೆ ಬೆನ್ನು ಮಾಡಿ ಅವನು ಲೇತ್ ಮುಂದೆ ನಿಂತಿದ್ದ. ನನ್ನ ನೆರಳು ಬಿದ್ದದ್ದಕ್ಕೆ ಒಮ್ಮೆ ತಿರುಗಿ ನೋಡಿದ. ಗುರುತು ಸಿಕ್ಕಿತು. ಮಶೀನು ನಿಲ್ಲಿಸಲಿಲ್ಲ. ಅದು ನನ್ನ ಮೇಲಿನ ಸಿಟ್ಟಲ್ಲ, ಟರ್ನರ್ ಆದವನು ಅರ್ಧಕ್ಕೆ ಕತ್ತರಿಸುವುದನ್ನು ನಿಲ್ಲಿಸುವುದಿಲ್ಲ, ನಿಲ್ಲಿಸಿದರೆ ಅಲ್ಲೊಂದು ಗೆರೆ ಉಳಿಯುತ್ತದೆ. ನನಗೆ ಅದು ಗೊತ್ತಿತ್ತು. ಆದರೂ ಆ ಐದು ನಿಮಿಷ ಬಾಗಿಲಲ್ಲಿ ನಿಂತಿರುವುದು ಕಷ್ಟವಾಯಿತು. ಮುಗಿದ ಮೇಲೆ ಸ್ವಿಚ್ಚು ಆರಿಸಿ, ಕಣ್ಣು ಮುಚ್ಚಿ, ಬೆರಳ ತುದಿ ಓಡಿಸಿದ. ಎಲ್ಲೂ ನಿಲ್ಲಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಕಾರೆಲ್ಲಿ ನಿಲ್ಲಿಸ್ದಿ?" ಎಂದ, ತಿರುಗದೆಯೇ.

"ಬಸ್ಸಿಗೆ ಬಂದೆ."

"ಸರ್ವೀಸಿಗೆ ಬಿಟ್ಟೀಯೇನು?"

ಈಗ ತಿರುಗಿದ. ತುಟಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ನಾನು ಪೇಪರು ಬಿಚ್ಚಿದೆ. ಎಲೆ ಅರ್ಧ ಪುಡಿಯಾಗಿತ್ತು. "ತಪ್ಪಾತಲೇ. ನಂಗೆ ಗೊತ್ತಿರ್ಲಿಲ್ಲ" ಎಂದೆ. ಗೊತ್ತಿರಲಿಲ್ಲ ಎನ್ನುವಾಗ ಸಂತೆಯಿಂದ ಬಂದ ಹೆಂಡತಿಯನ್ನು ಗದರಿದ್ದು ನೆನಪಾಗಿ, "ಗೊತ್ತು ಮಾಡ್ಕೊಳ್ಳಲಿಲ್ಲ" ಎಂದು ತಿದ್ದಿದೆ.

ಅವನು ಬನಿಯನ್ ವೇಸ್ಟಿನ ಚಿಂದಿಯಿಂದ ಕೈ ಒರೆಸಿಕೊಂಡ. ಒಂದೊಂದು ಬೆರಳನ್ನೂ ಬಿಡದೆ, ಬಹಳ ಹೊತ್ತು ಒರೆಸಿಕೊಂಡ. "ಹಿರಿಯರು ಬರಂಗಿಲ್ಲ. ಕಟ್ಟಳೆ ಮುರೀಬಾರ್ದು" ಎಂದ.

"ಬಂದಾತಲ್ಲ."

ಎಲೆಯ ಪುಡಿಯನ್ನು ಅಂಗೈಯಲ್ಲಿ ತೆಗೆದುಕೊಂಡು ಅಂಗಿ ಜೇಬಿಗೆ ಹಾಕಿಕೊಂಡ. ಬಂಗಾರದಂಗಿರಾಣ ಎಂದು ಇಬ್ಬರೂ ಹೇಳಲಿಲ್ಲ. ಊಟದ ಬಿಡುವಿಗೆ ಹೊಳೆಯ ಕಡೆ ನಡೆದೆವು. ಮೆಟ್ಟಿಲ ಮೇಲೆ ಕೂತು ಅವನ ಬುತ್ತಿಯ ರೊಟ್ಟಿ ಇಬ್ಬರೂ ಹಂಚಿಕೊಂಡೆವು. ತುಂಗಭದ್ರೆಯಲ್ಲಿ ಆ ದಿನ ನೀರು ಚೆನ್ನಾಗಿಯೇ ಇತ್ತು. ಕೊನೆಗೆ ನಾನೇ ಕೇಳಿದೆ, ಅವತ್ತು ಒಂದು ಮಾತಿದೆ ಎಂದಿದ್ದೆಯಲ್ಲ, ಏನದು? ಸಹಾಯ ಕೇಳಲು ಬಂದಿದ್ದನೇನೋ ಎಂದು ನನ್ನ ಊಹೆ.

"ದುಡ್ಡಲ್ಲಲೇ" ಎಂದ, ನನ್ನ ಮನಸ್ಸು ಓದಿದವನಂತೆ. "ಕೊಳ್ಳೋರು ಒಳ್ಳೆ ದಿನ ಅಂತ ಅವತ್ತು ಬೆಳಗ್ಗೇನೇ ಕಾರ್ಖಾನೆ ಮಾತು ಮುಗಿಸಿದ್ರು. ಕಾರು ಆ ವಾರದಾಗೇ ಹೋಗಿತ್ತು. ಮನ್ಯಾಗೂ ಸರ್ವೀಸಿಗೆ ಬಿಟ್ಟೀನಿ ಅಂತಾನೇ ಹೇಳಿದ್ದೆ. ಹೆಂಡ್ತಿಗೆ ಹೇಳಾಕ ಬಾಯೇ ಬರವಲ್ದು. ಮೊದ್ಲು ನಿಂಗೆ ಹೇಳಿ ನೋಡಾಣ, ಒಂದ್ಸಲ ಬಾಯಿಂದ ಹೊರಗೆ ಬಂದ್ರೆ ಆಮೇಲೆ ಮನ್ಯಾಗ ಹೇಳ್ಬೋದು ಅಂತ ಬಂದೆ. ಶೆಡ್ಡು ಹಿಡೀವಾಗ ಹೇಳಿದ್ನಲ್ಲ, ನೀನಿದ್ರೆ ಧೈರ್ಯ ಅಂತ. ಅದೇ."

"ಆಮೇಲೆ?"

"ಆಮೇಲೇನು. ಒಬ್ನೇ ಮಂಡಕ್ಕಿ ಅಂಗಡಿಗೆ ಹೋದೆ. ಚಾಚಾ 'ಇನ್ನೊಬ್ರೆಲ್ಲಿ' ಅಂದ್ರು. ಅಳು ಬಂತು. ಅವ್ರಿಗೇ ಹೇಳ್ದೆ."

ಅವನ ಜೀವನದ ಅತಿ ಕಷ್ಟದ ಮಾತಿಗೆ ಅವನು ಆರಿಸಿಕೊಂಡಿದ್ದು ನನ್ನನ್ನು. ನಾನು ಅವನಲ್ಲಿ ಹುಡುಕಿದ್ದು ಕಾರನ್ನು. ಮೆಟ್ಟಿಲ ಮೇಲೆ ಕೂತು ನಾನು ಅತ್ತೆ. ಅವನು ಸಮಾಧಾನ ಮಾಡಲಿಲ್ಲ, ಮಾಡಬೇಕೆಂದು ನಾನು ಬಯಸಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ, "ರೊಟ್ಟಿ ಒಣಗ್ತೈತೆ, ತಿನ್ನು" ಎಂದ.

ದುಡ್ಡು ಮನುಷ್ಯನನ್ನು ಕೆಡಿಸುತ್ತದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆನಲ್ಲ, ಆ ಮಾತನ್ನು ನಾನು ಈಗಲೂ ಹಿಂದೆ ತೆಗೆದುಕೊಂಡಿಲ್ಲ. ಕೆಡಿಸಿತು. ಆದರೆ ಅದು ಅವನ ಮನೆಯಲ್ಲಿದ್ದುಕೊಂಡು ನನ್ನನ್ನು ಕೆಡಿಸಿತು. ಇಪ್ಪತ್ತು ವರ್ಷ ಅದರ ನಡುವೆ ಬದುಕಿದ ಅವನಿಗೆ ಅದು ಹೋದಾಗ ಮೈ ಸ್ವಲ್ಪ ಹಗುರಾಯಿತು ಎಂದು ಅವನೇ ಹೇಳಿದ. ವರ್ಷಕ್ಕೊಮ್ಮೆ ಅರ್ಧ ಗಂಟೆ ನಮ್ಮ ಬಾಗಿಲಲ್ಲಿ ನಿಂತು ಹೋಗುತ್ತಿದ್ದ ಆ ದುಡ್ಡು ನನ್ನಿಂದ ಬಿಟ್ಟುಹೋಗಲು ಇಷ್ಟು ಕಷ್ಟಪಟ್ಟಿತು. ಬೇರೆಯವರ ವಿಷಯ ನಾನು ಹೇಳಲಾರೆ. ನನ್ನ ವಿಷಯ ಹೀಗಿದೆ.

ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಎಷ್ಟೋ ತಿಂಗಳು ನಮ್ಮ ಮಾತಿನ ನಡುವೆ ಒಂದು ಬಿಗಿತ ಇದ್ದೇ ಇತ್ತು. ವಾರಕ್ಕೊಮ್ಮೆ ನಾನು ಹರಿಹರಕ್ಕೆ ಹೋಗುತ್ತಿದ್ದೆ. ಒಮ್ಮೊಮ್ಮೆ ಅವನು ಕೆಲಸದಿಂದ ತಲೆ ಎತ್ತದೆ ನನ್ನನ್ನು ಕಾಯಿಸುತ್ತಿದ್ದ. ಬೇಕೆಂದೇ ಮಾಡುತ್ತಾನೆ ಎಂದು ಗೊತ್ತಾಗುತ್ತಿತ್ತು. ಕಾಯುತ್ತಿದ್ದೆ.

ಮುಂದಿನ ಬನ್ನಿ ಹಬ್ಬಕ್ಕೆ ನಾನೇ ಬರುತ್ತೇನೆ ಎಂದು ಫೋನು ಮಾಡಿದೆ. "ಬ್ಯಾಡ, ನಾನೇ ಬರ್ತೀನಿ. ದೊಡ್ಡೋನು ದೊಡ್ಡೋನೇ ಅಂತ ನಿಮ್ಮವ್ವ ಹೇಳ್ಯಾಳೆ" ಎಂದ. ನಾನು ಜಗಲಿಯಲ್ಲಿ ಕೂರಲಿಲ್ಲ. ಮುಖ್ಯ ರಸ್ತೆಯ ಬಸ್ ಸ್ಟಾಪಿಗೆ ಹೋಗಿ ನಿಂತೆ. ಎಂದಿನಂತೆ ತಡ ಮಾಡಿ, ಮೂರು ಬಸ್ಸು ಹೋದ ಮೇಲೆ ಬಂದ. ಅವನ ತೋಳು ಹಿಡಿದುಕೊಂಡು ಓಣಿಯೊಳಗೆ ನಡೆದೆ. ಅವಸರ ಮಾಡಲಿಲ್ಲ. ಕಟ್ಟೆಯ ಮೇಲೆ ಕೂತವರ ಮುಂದೆ ನಿಂತು, "ನಮ್ಮ ಗೆಳೆಯ, ಹರಿಹರದಿಂದ ಬಂದಾನೆ" ಎಂದು ಹೇಳಿ ಮಾತಾಡಿಸಿದೆ. ಹಿಂದಿನ ಮನೆಯವನನ್ನು ಕೂಗಿ ಹೊರಗೆ ಕರೆದು ತೋರಿಸಿದೆ. ಎರಡು ನಿಮಿಷದ ಓಣಿಗೆ ಕಾಲು ಗಂಟೆ ಹಿಡಿಯಿತು.

ಮನೆಯ ಮುಂದೆ ಬಂದಾಗ ಅವನು ಸಣ್ಣಗೆ ನಗುತ್ತ, "ಮಂದಿಗೆ ತೋರ್ಸೋ ಚಟ ಇನ್ನೂ ಹೋಗಿಲ್ಲ ನೋಡು ನಿಂಗೆ" ಎಂದ.

"ಇಲ್ಲ," ಎಂದೆ. ನಿಜವಾಗಿಯೂ ಹೋಗಿರಲಿಲ್ಲ.

ಒಳಗೆ ಬಂದು ಬಗ್ಗಿ ಎಲೆ ಕೊಟ್ಟ. ಬಂಗಾರದಂಗಿರಾಣ ಎಂದ. ಅವನು ಏಳುವುದನ್ನು ಕಾಲು ಮುಂದೆ ಚಾಚಿಯೇ ಕಾದೆ. ಏಳುವಾಗ ಹೆಬ್ಬೆರಳನ್ನು ಕಣ್ಣಲ್ಲಿ ನೀರು ಬರುವಷ್ಟು ಬಲವಾಗಿ ಚಿವುಟಿದ.